ಬಿಟ್ಟುಕೊಡುವುದು ಯಾರ ಕೈಗೆ?

ಓದುಗರ ಪತ್ರ: ನಮ್ಮ ಸಭೆಯ ಗಾಯನ ಮಂಡಳಿಯಲ್ಲಿ 16 ಜನರಿದ್ದೇವೆ. ಹಾಡು ಆರಿಸುವುದು, ಜೆರಾಕ್ಸ್ ಮಾಡಿಸುವುದು, ನಾಲ್ಕೂ ಪಾರ್ಟ್ (ಸೋಪ್ರಾನೊ, ಆಲ್ಟೊ ಎಂಬ ಹೆಣ್ಣು ದನಿಗಳು, ಟೆನರ್, ಬೇಸ್ ಎಂಬ ಗಂಡು ದನಿಗಳು) ಕಲಿಸುವುದು, ಕೀಬೋರ್ಡ್ ನುಡಿಸುವುದು, ಎಲ್ಲವೂ ನನ್ನದೇ. ಕಳೆದ ವರ್ಷ ಇಬ್ಬರು ಟೆನರ್‌ಗಳು ‘ಇಲ್ಲಿ ನಮಗೇನು ಕೆಲಸ’ ಎಂದು ಬಿಟ್ಟುಹೋದರು. ‘ಎಲ್ಲವನ್ನೂ ದೇವರಿಗೆ ಬಿಟ್ಟುಬಿಡಮ್ಮ’ ಎನ್ನುತ್ತಾರೆ ಸಭಾಪಾಲಕರು. ಆದರೆ ನಾನು ಬಿಟ್ಟರೆ ಹಾಡು ಕೆಡುತ್ತದೆ. ಕ್ರಿಸ್ಮಸ್ ಹತ್ತಿರ ಬರುತ್ತಿದೆ. ಹೇಗೆ ಬಿಡಲಿ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ:

ಪ್ರಿಯ ಸಹೋದರಿಯವರೇ,

ಸಭಾಪಾಲಕರ ಮಾತು ಸರಿ. ಆದರೆ ನಿಮ್ಮ ಪ್ರಶ್ನೆ ‘ಬಿಡಬೇಕೇ’ ಎಂಬುದಲ್ಲ, ‘ಹೇಗೆ’ ಎಂಬುದು. ಗಾಯನ ಮಂಡಳಿಯ ಮಟ್ಟಿಗೆ ದೇವರಿಗೆ ಬಿಡುವುದೆಂದರೆ, ಆತನು ನಿಮ್ಮ ಪಕ್ಕದಲ್ಲಿ ನಿಲ್ಲಿಸಿರುವ ಒಬ್ಬರಿಗೆ ಒಂದು ಕೆಲಸವನ್ನು ಅಧಿಕಾರ ಸಹಿತ ಒಪ್ಪಿಸುವುದು. ಅವರು ಅದನ್ನು ತಮ್ಮ ರೀತಿಯಲ್ಲಿ ಮಾಡುವಾಗ ಸುಮ್ಮನಿರಲು ಬೇಕಾಗುವುದೇ ವಿಶ್ವಾಸ.

ಬೈಬಲಿನ ವಿಮೋಚನಕಾಂಡ 18ರಲ್ಲಿ ಮೋಶೆಗೆ ಮಾವ ಇತ್ರೋನು ಹೇಳಿದ ಬುದ್ಧಿಮಾತು ನಿಮಗೆ ಗೊತ್ತಿದೆ: ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಅಧಿಪತಿಗಳನ್ನು ನೇಮಿಸು. ಆದರೆ ಅದರ ಕ್ರಮವನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ನೇಮಕದ ಮಾತು ಬರುವುದು 21ನೆಯ ವಚನದಲ್ಲಿ. ಅದಕ್ಕೆ ಮೊದಲು, 19ರಲ್ಲಿ, ಜನರ ಪರವಾಗಿ ದೇವರ ಮುಂದೆ ನಿಲ್ಲು ಎನ್ನುತ್ತಾನೆ. 20ರಲ್ಲಿ ಅವರಿಗೆ ಕಲಿಸು ಎನ್ನುತ್ತಾನೆ. ಪ್ರಾರ್ಥನೆ, ಕಲಿಸುವಿಕೆ, ಆಮೇಲೆ ಹಂಚಿಕೆ. ಕಲಿಸದೆ ಹಂಚಿದರೆ ಹಾಡು ಕೆಡುತ್ತದೆ, ಆಗ ‘ನೋಡಿದಿರಾ, ನಾನೇ ಮಾಡಬೇಕಿತ್ತು’ ಎಂಬ ಮಾತು ಬಂದೇ ಬರುತ್ತದೆ.

ಹಾಗಾಗಿ ಮೊದಲು ನಾಲ್ವರು ಪಾರ್ಟ್ ಲೀಡರ್‌ಗಳನ್ನು ಆರಿಸಿ. ಒಳ್ಳೆಯ ಕಂಠ ಯಾರದೆಂದು ನೋಡಬೇಡಿ. ಸೋಲೋ ಹಾಡುವವರನ್ನು ಲೀಡರ್ ಮಾಡಿದರೆ ಉಳಿದವರು ಅವರ ದನಿಯ ಹಿಂದೆ ಅಡಗಿಕೊಳ್ಳುತ್ತಾರೆ. ಕಾರ್ಡ್ (ಒಟ್ಟಿಗೆ ನುಡಿಸಿದ ಸ್ವರಗಳು) ಕೇಳಿದ ಕೂಡಲೇ ತಮ್ಮ ಸ್ವರ ಹಿಡಿಯುವವರು, ಸಮಯಕ್ಕೆ ಬರುವವರು, ತಪ್ಪನ್ನು ಮೆಲ್ಲಗೆ ಹೇಳಬಲ್ಲವರು ಸಾಕು. ಪ್ರಾಕ್ಟೀಸಿಗೆ ಎರಡು ಮೂರು ದಿನ ಮೊದಲು ಈ ನಾಲ್ವರೊಂದಿಗೆ ಅರ್ಧ ಗಂಟೆ ಕೂತು, ಆ ವಾರದ ಹಾಡಿನಲ್ಲಿ ಉಸಿರೆಳೆಯುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ. ಕನ್ನಡ ಹಾಡುಗಳಿಗೆ ಇದು ಬಹಳ ಮುಖ್ಯ. ಪಾಶ್ಚಾತ್ಯ ರಾಗಕ್ಕೆ ಕೂರಿಸಿದ ಸಾಲಿನಲ್ಲಿ ಹ್ರಸ್ವಾಕ್ಷರಕ್ಕೆ ಎರಡು ತಾಳ, ದೀರ್ಘಕ್ಕೆ ಅರ್ಧ ತಾಳ ಬೀಳುವುದುಂಟು. ‘ರಕ್ಷಕನು’ ಎಂಬಲ್ಲಿ ಸೋಪ್ರಾನೊದವರು ‘ರಕ್ಷ’ ಆದಮೇಲೆ ಉಸಿರೆಳೆದು, ಬೇಸ್‌ನವರು ಪದ ಮುಗಿಸಿ ಉಸಿರೆಳೆದರೆ ಕೂತು ಕೇಳುವವರಿಗೆ ಸಾಲೇ ಅರ್ಥವಾಗುವುದಿಲ್ಲ. ಎಲ್ಲಿ ಉಸಿರೆಂದು ನಾಲ್ವರೂ ಸೇರಿ ತೀರ್ಮಾನಿಸಲಿ, ನೀವು ಒಪ್ಪಿಕೊಳ್ಳಿ.

ಪ್ರಾಕ್ಟೀಸ್ ಒಂದೂವರೆ ಗಂಟೆಯದಾದರೆ ಮೊದಲ 10 ನಿಮಿಷ ಪ್ರಾರ್ಥನೆ ಮತ್ತು ಕಂಠಸಾಧನೆ, ಮುಂದಿನ 30 ನಿಮಿಷ ಪಾರ್ಟ್‌ಗಳು ಬೇರೆ ಬೇರೆ: ಒಂದು ಗುಂಪು ವೆಸ್ಟ್ರಿಯಲ್ಲಿ, ಒಂದು ಸಂಡೇಸ್ಕೂಲ್ ಕೋಣೆಯಲ್ಲಿ, ಒಂದು ವರಾಂಡದಲ್ಲಿ, ಒಂದು ದೇವಾಲಯದ ಒಳಗೆ. ಆ ಅರ್ಧ ಗಂಟೆ ನೀವು ಯಾವ ಕೋಣೆಗೂ ಹೋಗಬೇಡಿ, ಬಾಗಿಲಲ್ಲೂ ನಿಲ್ಲಬೇಡಿ. ನಿಮಗೆ ಅತ್ಯಂತ ಕಷ್ಟವಾಗುವ ಭಾಗ ಇದೇ. ಆ ಹೊತ್ತನ್ನು ನಾಲ್ವರ ಹೆಸರೆತ್ತಿ ಪ್ರಾರ್ಥಿಸಲು ಇಟ್ಟುಕೊಳ್ಳಿ. ಇತ್ರೋನು ಮೊದಲು ಹೇಳಿದ್ದು ಅದನ್ನೇ. ತಪ್ಪು ಸ್ವರ ಕಲಿತು ಬರುತ್ತಾರೆ ಎಂಬ ಭಯ ಇರಲಿ, ಕೆಲವೊಮ್ಮೆ ಹಾಗಾಗುತ್ತದೆ ಕೂಡ. ಎಲ್ಲರೂ ಕೂಡಿ ಹಾಡುವ 40 ನಿಮಿಷದಲ್ಲಿ ಅದು ಕಿವಿಗೆ ಬಿದ್ದರೆ ಹಾಡಿದವರನ್ನು ತಿದ್ದಬೇಡಿ, ಆ ಪಾರ್ಟ್ ಲೀಡರ್‌ಗೆ ಹೇಳಿ, ಅವರೇ ತಿದ್ದಲಿ. ನೀವು ನೇರವಾಗಿ ತಿದ್ದಿದರೆ ಅವರಿಗೆ ಕೊಟ್ಟ ಅಧಿಕಾರ ಆ ಕ್ಷಣಕ್ಕೇ ನಿಮ್ಮ ಕೈಗೆ ಮರಳುತ್ತದೆ.

ಕೂಡಿ ಹಾಡುವಾಗ ನೀವು ಹಾಡಬೇಡಿ. ನಡೆಸುವವರು ತಾವೂ ಗಟ್ಟಿಯಾಗಿ ಹಾಡುತ್ತಿದ್ದರೆ ಅವರಿಗೆ ಕೇಳುವುದು ತಮ್ಮ ದನಿ ಮಾತ್ರ. ಆಲ್ಟೊ ಎಲ್ಲಿ ಜಾರಿತೆಂಬುದು ತಿಳಿಯುವುದೇ ಇಲ್ಲ. ಕೀಬೋರ್ಡಿನಲ್ಲೂ ನಾಲ್ಕೂ ಪಾರ್ಟ್ ಒತ್ತುತ್ತಾ ಹೋಗಬೇಡಿ, ಅದಕ್ಕೆ ಒರಗಿಕೊಂಡವರು ಒಬ್ಬರನ್ನೊಬ್ಬರು ಕೇಳುವುದಿಲ್ಲ. ಬೇಸ್‌ನಿಂದ ಮೇಲಕ್ಕೆ ಕಾರ್ಡ್ ಕೊಟ್ಟು ಕೈ ತೆಗೆಯಿರಿ. ಚರಣ ಮುಗಿದ ಮೇಲೆ ಅದೇ ಕಾರ್ಡ್ ಒತ್ತಿ ನೋಡಿ. ಅರ್ಧ ಸ್ವರ ಇಳಿದಿದ್ದರೆ ಗಾಬರಿ ಬೇಡ. ಸಾಮಾನ್ಯವಾಗಿ ಇಳಿಯುವುದು ಒಂದೇ ಸ್ವರ ಹಲವು ಅಕ್ಷರಗಳಿಗೆ ಬರುವಲ್ಲಿ (ಆಲ್ಟೊಗೆ ಇದು ಹೆಚ್ಚು), ರಾಗ ಮೆಟ್ಟಿಲಿಳಿದು ಬರುವಲ್ಲಿ, ಸಾಲಿನ ಕೊನೆಗೆ ಉಸಿರು ಸಾಲದೆ ಹೋದಲ್ಲಿ. ಯಾವ ಜಾಗವೆಂದು ಅವರನ್ನೇ ಕೇಳಿ. ಎರಡು ಮೂರು ವಾರ ಕಳೆದರೆ ಅವರೇ ಹೇಳತೊಡಗುತ್ತಾರೆ.

ಇಡೀ ವರ್ಷದ ಆರಾಧನಾ ಸಂಗೀತ ಹೊತ್ತಿದ್ದ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್‌ಗೂ ಒಬ್ಬರೇ ಎಲ್ಲ ನಡೆಸಲು ಸಾಧ್ಯವಿರಲಿಲ್ಲ. ಜರ್ಮನಿಯ ಲೈಪ್ಜಿಗ್‌ನಲ್ಲಿ ಅವರ ಶಾಲೆಯ ಹುಡುಗರು ಭಾನುವಾರ ನಾಲ್ಕು ದೇವಾಲಯಗಳಲ್ಲಿ ಹಾಡಬೇಕಿತ್ತು. ಅವರು ಒಂದು ತಂಡವನ್ನು ನಡೆಸಿದರೆ ಉಳಿದ ತಂಡಗಳನ್ನು ನಡೆಸಿದ್ದು ಪ್ರಿಫೆಕ್ಟ್ ಎನಿಸಿಕೊಂಡ ಹಿರಿಯ ವಿದ್ಯಾರ್ಥಿಗಳು. 1730ರಲ್ಲಿ ನಗರಸಭೆಗೆ ಬರೆದ ಮನವಿಯಲ್ಲಿ ಬಾಖ್ 54 ಹುಡುಗರನ್ನು ಮೂರು ಪಾಲು ಮಾಡಿದ್ದಾರೆ: 17 ಮಂದಿ ಸಿದ್ಧ, 20 ಮಂದಿ ಇನ್ನೂ ಕಲಿಯಬೇಕು, 17 ಮಂದಿ ಸಂಗೀತಕ್ಕೆ ಒಗ್ಗದವರು. ಕೀರ್ತನೆಯ ರಾಗವನ್ನಷ್ಟೇ ಹೇಗೋ ಹಾಡಬಲ್ಲವರು ಸಂತ ಪೇತ್ರನ ದೇವಾಲಯಕ್ಕೆ ಹೋಗುತ್ತಿದ್ದರು. ನೀವೂ ಹಾಡುಗಳನ್ನು ಹಾಗೆ ನೋಡಿ. ಒಂಬತ್ತು ಕ್ಯಾರೊಲ್‌ಗಳಿದ್ದರೆ ಮೂರೋ ನಾಲ್ಕೋ ನಾಲ್ಕು ಪಾರ್ಟ್‌ನಲ್ಲಿ ಸಾಕು, ಉಳಿದವು ಸಭೆಯೊಂದಿಗೆ ಒಂದೇ ದನಿಯಲ್ಲಿ. ಒಂಬತ್ತನ್ನೂ ಪಾರ್ಟ್‌ನಲ್ಲೇ ಹಾಡಿಸಬೇಕೆಂಬ ಹಟವೇ ನಿಮ್ಮನ್ನು ಕೀಬೋರ್ಡಿಗೆ ಕಟ್ಟಿಹಾಕಿರಬಹುದು.

ಬಿಟ್ಟುಹೋದ ಟೆನರ್‌ಗಳ ಮನೆಗೆ ಹೋಗಿ ಮಾತಾಡಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ದಿನದ ಆಹಾರ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಾಡುವವರು ಗೊಣಗಿದರು. ಆಗ ಆರಿಸಿದ ಏಳು ಮಂದಿಯ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ ಮೊದಲಾಗಿ ಏಳೂ ಗ್ರೀಕ್ ಹೆಸರುಗಳೇ. ದೂರು ಎಲ್ಲಿಂದ ಬಂತೋ ಆ ಕಡೆಯವರ ಕೈಗೇ ಕೆಲಸ ಹೋಯಿತು ಎಂದು ನಾವು ಓದಿಕೊಳ್ಳುತ್ತೇವೆ. ನಿಮ್ಮ ಟೆನರ್‌ಗಳಿಗೂ ‘ಮತ್ತೆ ಬನ್ನಿ’ ಎಂದಷ್ಟೇ ಹೇಳದೆ ‘ಟೆನರ್ ಪಾರ್ಟ್ ನೀವೇ ನಡೆಸಿ’ ಎನ್ನಿ.

ಮುಂದೊಂದು ದಿನ ಯಾರೋ ನಿಮ್ಮನ್ನು ಕೇಳದೆ ಏನನ್ನೋ ಬದಲಿಸುತ್ತಾರೆ. ಆಗ ಮೊದಲು ಸಿಟ್ಟಾಗುವವರು ನಿಮ್ಮ ಆಪ್ತರೇ ಇರಬಹುದು. ಅರಣ್ಯಕಾಂಡ 11ರಲ್ಲಿ ಎಲ್ದಾದ್, ಮೇದಾದ್ ಎಂಬಿಬ್ಬರು ಗುಡಾರದ ಬಳಿಗೆ ಬಾರದೆ ಪಾಳೆಯದಲ್ಲೇ ಪ್ರವಾದಿಸಿದಾಗ ತಡೆಯಬೇಕೆಂದವನು ಮೋಶೆಯ ಸೇವಕ ಯೆಹೋಶುವ. ದೇವರ ಜನರೆಲ್ಲರೂ ಪ್ರವಾದಿಗಳಾಗಲಿ ಎಂದು ಬಯಸಿದವನು ಮೋಶೆ. ಬದಲಾವಣೆಯಿಂದ ಸ್ವರ ತಪ್ಪುತ್ತಿದೆಯೋ ಅಥವಾ ನಿಮ್ಮ ಅಭಿರುಚಿಗೆ ಹಿಡಿಸಲಿಲ್ಲವೋ, ಅಷ್ಟನ್ನು ಬೇರ್ಪಡಿಸಿ ನೋಡಿ. ಎರಡನೆಯದಾದರೆ ಹಾಗೇ ಇರಲಿ. ಪ್ರಾಕ್ಟೀಸ್ ಮುಗಿದ ರಾತ್ರಿ ವಾಟ್ಸಾಪ್‌ನಲ್ಲಿ ತಿದ್ದುಪಡಿ ಕಳಿಸಬೇಡಿ. ಮರುದಿನ ಬೆಳಿಗ್ಗೆ ಅವುಗಳಲ್ಲಿ ಅರ್ಧ ಬೇಡವೆನಿಸಬಹುದು.

ಹಬ್ಬದ ದಿನವೇ ಹಾಡು ಕೆಟ್ಟರೆ? ಅದಕ್ಕೆ ಒಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿ. ನೀವು ಅಂಗೈ ತೆರೆದು ಎತ್ತಿದರೆ ಎಲ್ಲರೂ ಪಾರ್ಟ್ ಬಿಟ್ಟು ಸೋಪ್ರಾನೊ ರಾಗಕ್ಕೆ ಬರಬೇಕು. ಒಬ್ಬರೇ ದಾರಿ ತಪ್ಪಿದರೆ ದನಿ ನಿಲ್ಲಿಸಿ, ಕೇಳಿಸಿಕೊಂಡು, ಮುಂದಿನ ಸಾಲಿಗೆ ಸೇರಿಕೊಳ್ಳಲಿ. ಪ್ರತಿ ಪ್ರಾಕ್ಟೀಸಿನಲ್ಲೂ ಒಂದು ಸಲ, ಹೇಳದೆ, ಆ ಸನ್ನೆ ಮಾಡಿ ನೋಡಿ.

ಹಾಡು ಆರಿಸುವುದನ್ನು ಈ ಕ್ರಿಸ್ಮಸ್‌ಗೆ ನೀವೇ ಇಟ್ಟುಕೊಳ್ಳಿ, ತಪ್ಪಿಲ್ಲ. ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಟ್ಟರೆ ತೆಗೆದುಕೊಳ್ಳುವವರಿಗೂ ಭಾರ. ಜನವರಿಯಲ್ಲಿ ಹಾಡಿನ ಪುಸ್ತಕವನ್ನು ಆ ನಾಲ್ವರ ಮುಂದಿಟ್ಟು, ಶುಭ ಶುಕ್ರವಾರದ, ಯೇಸು ಶಿಲುಬೆಯ ಮೇಲೆ ಆಡಿದ ಏಳು ವಾಕ್ಯಗಳಿಗೆ ಏಳು ಹಾಡು ಆರಿಸಿ ತರಲು ಹೇಳಿ. ಪಟ್ಟಿ ಬಂದಾಗ ಒಂದು ಹಾಡನ್ನೂ ತೆಗೆಯಬೇಡಿ.