ಚಿಕ್ಕ ದೋಣಿಗೆ ಯಾವ ಜಿಪಿಎಸ್ ತಗೊಳ್ಳಲಿ? ಮೊಬೈಲ್ ಸಾಲದಾ?

ಶಿರಸಿಯಿಂದ ಕಾರವಾರಕ್ಕೆ ವರ್ಗವಾಗಿ ಬಂದಿದ್ದೀರಿ, ಗೆಳೆಯರ ಜೊತೆ ಸೇರಿ ಚಿಕ್ಕ ಫೈಬರ್ ದೋಣಿ ತಗೊಂಡಿದ್ದೀರಿ, ಭಾನುವಾರ ಗಾಳ ಹಾಕಲು ಐದಾರು ಕಿಲೋಮೀಟರ್ ಹೊರಗೆ ಹೋಗುತ್ತೀರಿ. ಕೈಯಲ್ಲಿ ಹಿಡಿಯುವ ಸಾದಾ ಜಿಪಿಎಸ್ ಯಾವುದು ಅಂತ ಕೇಳಿದ್ದೀರಿ. ನಾನು ಚಿಕ್ಕಪ್ಪನ ದೋಣಿಯಲ್ಲಿ ಬಲೆಗೆ ಹೋಗುತ್ತಾ ಕಲಿತವನು, ಗೊತ್ತಿದ್ದಷ್ಟು ಹೇಳುತ್ತೇನೆ.

ದಾರಿ ತೋರಿಸುವ ಮಟ್ಟಿಗೆ ಮೊಬೈಲ್ ಸಾಕು. ನೆಟ್‌ವರ್ಕ್ ಇಲ್ಲದಿದ್ದರೂ ಅದರ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪ್ ಮಾತ್ರ ಮೊದಲೇ ಇಳಿಸಿಕೊಂಡಿರಬೇಕು. ಆದರೆ ಬೆರಳಿಗೆ ಉಪ್ಪುನೀರು, ಅದರ ಮೇಲೆ ಬಂಗುಡೆಯ ಲೋಳೆ ಇದ್ದರೆ ಟಚ್ ಸ್ಕ್ರೀನ್ ಮಾತೇ ಕೇಳುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಕಾದು ತಾನೇ ಬಂದ್ ಆಗುವುದೂ ಉಂಟು. ಹಾಗಾಗಿ ಬಟನ್ ಇರುವ, ಪೆನ್ ಸೆಲ್ ಹಾಕುವ ಸೆಟ್ ಒಂದು ಬೇಕು.

ಬಣ್ಣದ ಮ್ಯಾಪಿಗೆ ಜಾಸ್ತಿ ದುಡ್ಡು ಕೊಡಬೇಡಿ. ಗಾರ್ಮಿನ್ ಇಟ್ರೆಕ್ಸ್ 10 ಥರದ ಕಪ್ಪು-ಬಿಳಿ ಸೆಟ್ ನಿಮಗೆ ಧಾರಾಳ. ಎರಡು ಸೆಲ್ಲಿಗೆ 25 ಗಂಟೆ ಅಂತ ಕಂಪನಿ ಹೇಳುತ್ತದೆ, ಬಿಸಿಲಲ್ಲೂ ಅಕ್ಷರ ಕಾಣುತ್ತದೆ. ಒಂದೇ ಕೊರತೆ, ಅದರೊಳಗೆ ದಿಕ್ಸೂಚಿ ಇಲ್ಲ. ದೋಣಿ ನಿಂತಿದ್ದಾಗ ಅದರ ಬಾಣವನ್ನು ನಂಬಬೇಡಿ. ಸ್ವಲ್ಪ ದೂರ ಸಾಗಿದ ಮೇಲೆ ಸರಿಯಾಗುತ್ತದೆ. ಸುಮ್ನೆ ಒಂದು ಸಣ್ಣ ದಿಕ್ಸೂಚಿಯನ್ನೂ ಜೊತೆಗಿಡಿ.

ಆಮೇಲೆ, ವಾಟರ್‌ಪ್ರೂಫ್ ಅಂದರೆ ತೇಲುತ್ತದೆ ಅಂತಲ್ಲ. ಡಬ್ಬದ ಮೇಲೆ ಐಪಿಎಕ್ಸ್7 ಅಂತ ಇದ್ದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅರ್ಥ, ಅಷ್ಟೇ. ನನ್ನ ಮೊದಲ ಸೆಟ್ ಬಲೆ ಎಳೆಯುವಾಗ ಜೇಬಿನಿಂದ ಜಾರಿ ಏಳು ಮಾರು ನೀರಿಗೆ ಹೋಯಿತು. ತಾನು ಎಲ್ಲಿದ್ದೇನೆ ಅಂತ ಅದಕ್ಕೆ ಚೆನ್ನಾಗಿ ಗೊತ್ತಿತ್ತು, ನಮಗೆ ಗೊತ್ತಾಗಲಿಲ್ಲ! ತೇಲುವುದೇ ಬೇಕಾದರೆ ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 78 ಅಥವಾ 79 ನೋಡಿ, ಬೆಲೆ ಜಾಸ್ತಿ. ಇಲ್ಲವಾದರೆ ದಾರ ಕಟ್ಟಿ, ದಾರದ ತುದಿಯನ್ನು ದೋಣಿಗೆ ಕಟ್ಟಿ.

ನಿಜವಾಗಿ ತಲೆ ಕೆಡಿಸುವುದು ಸೆಟ್ಟಿಂಗ್. ಒಬ್ಬ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ಮೀನು ಕೂರುವ ಬಂಡೆಯ ನಂಬರ್ ಕೊಟ್ಟಿದ್ದರು, ಅಕ್ಷಾಂಶ 14 ಡಿಗ್ರಿ 46 ನಿಮಿಷ 30 ಸೆಕೆಂಡ್. ನನ್ನ ಸೆಟ್ಟಿನಲ್ಲಿ ಸೆಕೆಂಡ್ ಇರಲಿಲ್ಲ, ನಿಮಿಷವನ್ನು ದಶಮಾಂಶದಲ್ಲಿ ತೋರಿಸುತ್ತಿತ್ತು. ನಾನು 46.30 ಅಂತ ಹೊಡೆದೆ. 30 ಸೆಕೆಂಡ್ ಅಂದರೆ ಅರ್ಧ ನಿಮಿಷ, 46.50 ಆಗಬೇಕಿತ್ತು. ಅಕ್ಷಾಂಶದ ಒಂದು ನಿಮಿಷ ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ನನ್ನ ತಪ್ಪು 0.2 ನಿಮಿಷ, ಅಂದರೆ ಸುಮಾರು 370 ಮೀಟರ್ ದಕ್ಷಿಣಕ್ಕೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬರೀ ಮರಳಿನ ಮೇಲೆ ಗಾಳ ಬಿಟ್ಟು ಕೂತಿದ್ದೆವು. ಚಿಕ್ಕಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ. ಯಾರಾದರೂ ನಂಬರ್ ಕೊಟ್ಟರೆ ಸೆಕೆಂಡೋ ದಶಮಾಂಶವೋ ಅಂತ ಮೊದಲು ಕೇಳಿ. ಸೆಟ್ಟಿಂಗಿನಲ್ಲಿ ಡೇಟಮ್, ಅಂದರೆ ಜಾಗದ ನಂಬರ್ ಲೆಕ್ಕ ಹಾಕುವ ಆಧಾರ, ಡಬ್ಲ್ಯೂಜಿಎಸ್ 84 ಇರಲಿ.

ಇನ್ನೊಂದು ವಿಷಯ. ಸೆಟ್ಟಿನಲ್ಲಿ ಗುರುತು ಹಾಕಿಟ್ಟ ಜಾಗಕ್ಕೆ, ಅಂದರೆ ಪಾಯಿಂಟಿಗೆ, ‘ಹೋಗು’ ಅಂದರೆ ಸೆಟ್ ನೇರ ಗೆರೆ ಎಳೆಯುತ್ತದೆ. ನಡುವೆ ಕೂರ್ಮಗಡ ದ್ವೀಪ ಇದೆಯೋ ಬಂಡೆ ಇದೆಯೋ ಅದಕ್ಕೇನು? ಅದರ ಬದಲು ಬಂದ ದಾರಿಯಲ್ಲೇ ಹಿಂದೆ ಕರೆದೊಯ್ಯುವ ಟ್ರ್ಯಾಕ್‌ಬ್ಯಾಕ್ ಬಳಸಿ. ಹೊರಡುವ ಮೊದಲು ದಡದಲ್ಲೇ ಸೆಟ್ ಆನ್ ಮಾಡಿ ಟ್ರ್ಯಾಕ್ ಶುರು ಮಾಡಿ, ಕಾಳಿ ಅಳಿವೆಯ ಹೊರಗೆ ಒಂದು ಪಾಯಿಂಟ್ ಹಾಕಿಕೊಳ್ಳಿ. ಆದರೆ ಹೋದ ವರ್ಷದ ಪಾಯಿಂಟ್ ನೋಡಿಕೊಂಡು ಕಣ್ಣು ಮುಚ್ಚಿ ಅಳಿವೆಗೆ ನುಗ್ಗಬೇಡಿ, ಮಳೆಗಾಲ ಕಳೆದ ಮೇಲೆ ಮರಳು ಅದೇ ಜಾಗದಲ್ಲಿ ಇರುತ್ತದಾ? ಅಲ್ಲಿ ಅಲೆ ಒಡೆಯುವುದನ್ನು ಕಣ್ಣಲ್ಲೇ ನೋಡಬೇಕು. ಅರ್ಗಾ, ಅಂಜದೀವ್ ಕಡೆ ನೌಕಾಪಡೆಯ ಜಾಗ, ಆ ಕಡೆ ದೋಣಿ ತಿರುಗಿಸಲೇಬೇಡಿ.

ಅಂಗಡಿಯವರು ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಇನ್‌ರೀಚ್ ಥರದ್ದನ್ನು ತೋರಿಸಿದರೆ ಬೇಡ ಅನ್ನಿ. ಸರ್ಕಾರದ ಅನುಮತಿ ಇಲ್ಲದೆ ಅಂಥದ್ದು ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗಬಹುದು. ತೊಂದರೆಯಾದರೆ ಕೋಸ್ಟ್ ಗಾರ್ಡ್ ನಂಬರ್ 1554, ಸೆಟ್ಟಿನ ಹಿಂದೆ ಟೇಪ್ ಹಚ್ಚಿ ಬರೆದಿಡಿ. ಮೊಬೈಲ್ ಸಿಗ್ನಲ್ ಸಿಕ್ಕಾಗ ಸೆಟ್ ನೋಡಿ ಜಾಗ ಓದಿ ಹೇಳಬಹುದು.

ಸೆಕೆಂಡ್ ಹ್ಯಾಂಡ್ ಸಿಕ್ಕರೂ ಅಡ್ಡಿಯಿಲ್ಲ. ಹಿಂದಿನ ಮುಚ್ಚಳ ತೆಗೆದು ಸೆಲ್ ಕೂರುವ ಸ್ಪ್ರಿಂಗ್ ನೋಡಿ. ಹಸಿರು ಕಿಲುಬು ಕಂಡರೆ ಒಳಗೆ ಉಪ್ಪುನೀರು ಹೋಗಿದೆ, ಎಷ್ಟಕ್ಕೆ ಕೊಟ್ಟರೂ ಬೇಡ.