ಎಲೆಕ್ಟ್ರಾನ್ ಗನ್ ಕಟ್ಟುವುದರಲ್ಲಿ ನಿಜವಾದ ಕಷ್ಟ ಯಾವುದು?

ಪರಮಾಣುಗಳ ಓಡಾಟವನ್ನು ಎಲೆಕ್ಟ್ರಾನ್‌ಗಳಿಂದ ಚಿತ್ರ ತೆಗೆಯುವ ಉಪಕರಣ ಕಟ್ಟುವಾಗ ಎಲ್ಲಕ್ಕಿಂತ ಕಷ್ಟದ ಭಾಗ ಯಾವುದು ಎಂದು ಕೇಳಿದ್ದೀರಿ. ಪಿಎಚ್‌ಡಿಯಲ್ಲಿ ನಾನು ಕಟ್ಟಿದ್ದು ಅಂಥದ್ದೇ ಒಂದು 30 ಕಿಲೋವೋಲ್ಟಿನ ಗನ್. ಎಲೆಕ್ಟ್ರಾನ್ ಹುಟ್ಟಿಸುವುದೇನೂ ದೊಡ್ಡ ವಿಷಯ ಅಲ್ಲ. ಹುಟ್ಟಿದ ಗುಂಪು ದಾರಿಯಲ್ಲಿ ಚದುರದ ಹಾಗೆ ಸ್ಯಾಂಪಲ್‌ವರೆಗೆ ಮುಟ್ಟಿಸುವುದಿದೆಯಲ್ಲ, ಜೀವ ತಿನ್ನುವುದು ಅದು.

ಒಂದು ಲೇಸರ್ ಪಲ್ಸನ್ನು ಎರಡು ಪಾಲು ಮಾಡುತ್ತೇವೆ. ಒಂದು ಪಾಲು ಸ್ಯಾಂಪಲ್ಲಿಗೆ ಬಡಿದು ಅದನ್ನು ಕಾಯಿಸುತ್ತದೆ. ಇನ್ನೊಂದನ್ನು ಅಲ್ಟ್ರಾವೈಲೆಟ್ ಮಾಡಿ ತೆಳು ಚಿನ್ನದ ಪದರಕ್ಕೆ ಬಿಟ್ಟರೆ ಎಲೆಕ್ಟ್ರಾನ್‌ಗಳು ಚಿಮ್ಮುತ್ತವೆ. 30 ಕಿಲೋವೋಲ್ಟಿನಲ್ಲಿ ಅವುಗಳ ಓಟ ಬೆಳಕಿನ ವೇಗದ ಸುಮಾರು ಮೂರನೇ ಒಂದು ಭಾಗ. ಸ್ಯಾಂಪಲ್ ದಾಟಿ ಪರದೆಯ ಮೇಲೆ ಅವು ಬಿಡಿಸುವ ಉಂಗುರಗಳಿಂದ ಪರಮಾಣುಗಳ ಜೋಡಣೆ ಗೊತ್ತಾಗುತ್ತದೆ. ಎರಡು ಪಾಲುಗಳ ನಡುವಿನ ಸಮಯ ಬದಲಿಸಲು ಒಂದು ಕನ್ನಡಿ ಸರಿಸಿದರೆ ಸಾಕು. 15 ಮೈಕ್ರಾನ್ ಸರಿಸಿದರೆ 100 ಫೆಮ್ಟೊಸೆಕೆಂಡ್ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು).

ತೊಂದರೆ ಏನೆಂದರೆ ಎಲ್ಲಾ ಎಲೆಕ್ಟ್ರಾನ್‌ಗಳದ್ದೂ ಒಂದೇ ಚಾರ್ಜ್. ಒಂದನ್ನೊಂದು ನೂಕುತ್ತವೆ. ಮುಂದಿರುವುದು ಇನ್ನೂ ಮುಂದೆ, ಹಿಂದಿರುವುದು ಇನ್ನೂ ಹಿಂದೆ. ಎಲೆಕ್ಟ್ರಾನ್ ಪಲ್ಸ್ ಉದ್ದವಾದಷ್ಟೂ ಚಿತ್ರ ಮಸುಕು. ಎಲೆಕ್ಟ್ರಾನ್ ಕಡಿಮೆ ಮಾಡಿ, ಸಾವಿರಾರು ಸಲ ಹೊಡೆದು ಚಿತ್ರಗಳನ್ನು ಕೂಡಿಸಬಹುದು ಅಲ್ವಾ ಎನ್ನಬಹುದು. ಸ್ಯಾಂಪಲ್ ಪ್ರತಿ ಸಲ ಮೊದಲಿನಂತಾದರೆ ಸರಿ. ಕರಗಿಹೋದರೆ? ಅದೇ ಜಾಗ ಮತ್ತೆ ಸಿಗುವುದಿಲ್ಲ. ಆಗ ಒಂದೊಂದು ಹೊಡೆತದಲ್ಲೂ ಎಲೆಕ್ಟ್ರಾನ್ ಜಾಸ್ತಿ ಬೇಕು.

2003ರಲ್ಲಿ ಟೊರಾಂಟೊದ ಡ್ವೇನ್ ಮಿಲ್ಲರ್ ಗುಂಪು ಎಲೆಕ್ಟ್ರಾನ್‌ಗಳಿಗೆ ಚದುರಲು ಸಮಯ ಸಿಗದ ಹಾಗೆ ಗನ್ನನ್ನು ಸ್ಯಾಂಪಲ್ಲಿಗೆ ಹತ್ತಿರ ತಂದು, 20 ನ್ಯಾನೋಮೀಟರ್ ದಪ್ಪದ ಅಲ್ಯೂಮಿನಿಯಂ 3.5 ಪಿಕೋಸೆಕೆಂಡಿನಲ್ಲಿ (ಸಾವಿರ ಫೆಮ್ಟೊಸೆಕೆಂಡಿಗೆ ಒಂದು ಪಿಕೋಸೆಕೆಂಡ್) ಕರಗುವುದನ್ನು ತೋರಿಸಿತು. ಆಮೇಲೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇನ್ನೊಂದು ದಾರಿ ಹಿಡಿದರು. ರೇಡಿಯೋ ಅಲೆಯ ಡಬ್ಬಿಯೊಂದು ಮುಂದಿನವನ್ನು ತಡೆದು ಹಿಂದಿನವನ್ನು ತಳ್ಳುತ್ತದೆ. ಸ್ಯಾಂಪಲ್ ಹತ್ತಿರ ಬರುವಷ್ಟರಲ್ಲಿ ಗುಂಪು ಮತ್ತೆ ಕೂಡುತ್ತದೆ. ನನಗೆ ಇದಕ್ಕಿಂತ ಚಂದದ ಉಪಾಯ ಕಂಡಿಲ್ಲ. ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಎಂಬ ವೇಗವರ್ಧಕ ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೇ ಒಯ್ದರು. ಅಷ್ಟು ವೇಗದಲ್ಲಿ ನೂಕಾಟದ ಪರಿಣಾಮ ತುಂಬಾ ಕಡಿಮೆ.

ನಾನು ಹತ್ತಿರ ತರುವ ದಾರಿ ಹಿಡಿದೆ. ಎಲೆಕ್ಟ್ರಾನ್ ಚಿಮ್ಮುವ ಕಡೆಯ ಕ್ಯಾಥೋಡ್ ಮತ್ತು ಅವನ್ನು ಸೆಳೆಯುವ ಆನೋಡ್ ನಡುವೆ 4 ಮಿಲಿಮೀಟರ್. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ, ಗಂಟೆಗಟ್ಟಲೆ ಕೂತು ಏರಿಸಬೇಕು. ಒಂದು ಸಂಜೆ 27 ಕಿಲೋವೋಲ್ಟಿಗೆ ಬಂದಾಗ ಕಿಟಕಿಯಲ್ಲಿ ನೀಲಿ ಕಿಡಿ ಹಾರಿತು. ಬಿಚ್ಚಿ ನೋಡಿದರೆ ಚಿನ್ನದ ನಡುವೆ ಸಾಸಿವೆಯಷ್ಟು ಕಪ್ಪು ಗುಳಿ. ಪಕ್ಕದಲ್ಲಿ ಒರೆಸುವ ಬಟ್ಟೆಯ ಒಂದು ಎಳೆ. ಎರಡು ದಿನ ಡೈಮಂಡ್ ಪೇಸ್ಟ್ ಹಾಕಿ ಸ್ಟೀಲ್ ಉಜ್ಜಿದೆ, ಮುಖ ಕಾಣುವಷ್ಟು.

ಮುಂದಿನ ಕೆಲಸ ಲೇಸರ್ ಪಲ್ಸ್, ಎಲೆಕ್ಟ್ರಾನ್ ಪಲ್ಸ್ ಎರಡೂ ಒಟ್ಟಿಗೆ ತಲುಪುವ ಕ್ಷಣ ಹುಡುಕುವುದು. ಸ್ಯಾಂಪಲ್ ಜಾಗದಲ್ಲಿ ತಾಮ್ರದ ಜಾಲರಿ ಇಟ್ಟು ಲೇಸರ್ ಜೋರಾಗಿ ಹೊಡೆಯುತ್ತೇವೆ. ತಾಮ್ರದಿಂದ ಏಳುವ ಎಲೆಕ್ಟ್ರಾನ್ ಮೋಡ ನಮ್ಮ ಪಲ್ಸನ್ನು ಬಾಗಿಸುತ್ತದೆ. ಮೂರು ವಾರ ಕನ್ನಡಿ ಸರಿಸುತ್ತಾ ಕೂತಿದ್ದೆ, ಪರದೆಯ ಮೇಲೆ ಜಾಲರಿಯ ನೆರಳು ನೆಟ್ಟಗೇ ಇತ್ತು. ಒಂದು ರಾತ್ರಿ ಜಾಲರಿಯ ಚೌಕಗಳು ನಡುವಿನಲ್ಲಿ ಸೊಟ್ಟಗಾದವು. ಕನ್ನಡಿ ಹಿಂದಕ್ಕೆ ತಂದೆ, ನೆಟ್ಟಗಾದವು. ಮುಂದಕ್ಕೆ ಒಯ್ದೆ, ಮತ್ತೆ ಸೊಟ್ಟ.