ಬಿ.ಎಡ್. ಇದ್ದರೂ ಶಾಲೆ ಆರ್‌ಸಿಐ ನಂಬರ್ ಕೇಳುತ್ತಿದೆ ಎಂದಿರಿ

ಸಾಮಾನ್ಯ ಬಿ.ಎಡ್. ಜೊತೆಗೆ ವಿಶೇಷ ಶಿಕ್ಷಣದ 6 ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಇದೆ, ಆದರೂ ವಿಶೇಷ ಶಿಕ್ಷಕರ ಕೆಲಸಕ್ಕೆ ತುಮಕೂರಿನ ಶಾಲೆ ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಬಹುಶಃ ಆ ಸರ್ಟಿಫಿಕೇಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಮಾನ್ಯತೆ ಇಲ್ಲ. 1992ರ ಕಾಯ್ದೆಯ ಪ್ರಕಾರ ವಿಶೇಷ ಶಿಕ್ಷಕರು, ಅಂದರೆ ಅಂಗವೈಕಲ್ಯ ಇರುವ ಮಕ್ಕಳಿಗೆ ಕಲಿಸುವವರು, ಅಲ್ಲಿ ನೋಂದಣಿ ಆಗಿರಲೇಬೇಕು; ಶಾಲೆ ಕೇಳುತ್ತಿರುವುದು ಆ ನೋಂದಣಿ ನಂಬರನ್ನೇ. ಸಾಮಾನ್ಯ ಬಿ.ಎಡ್. ಅದಕ್ಕೆ ಸಾಲದು. ಶಾಲೆಯವರು ಸುಮ್ನೆ ಸತಾಯಿಸುತ್ತಿಲ್ಲ.

ಮೊದಲು ಆರ್‌ಸಿಐ ಜಾಲತಾಣದ ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯನ್ನು ಹುಡುಕಿ. ಸಂಸ್ಥೆಯ ಹೆಸರು ಸಿಕ್ಕರೆ ಸಾಲದು. ನೀವು ಓದಿದ ಕೋರ್ಸ್, ನೀವು ಸೇರಿದ ವರ್ಷ ಎರಡೂ ಅನುಮತಿಯಲ್ಲಿ ಇರಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಇದ್ದರೆ, ಅಲ್ಲೇ ಆನ್‌ಲೈನ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಿ. ಅದಕ್ಕೂ ಮುಂಚೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ನನ್ನ ಅಂಕಪಟ್ಟಿಯಲ್ಲಿ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಅಷ್ಟಕ್ಕೇ ಅರ್ಜಿ ವಾಪಸ್ ಬಂತು. ಆಧಾರ್ ತಿದ್ದಿಸಿದ ಮೇಲೆ ಕೆಲಸ ಆಯಿತು.

ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಸರ್ಟಿಫಿಕೇಟ್‌ಗೆ ಇನ್ನು ದುಡ್ಡು ಸುರಿಯಬೇಡಿ, ದಯವಿಟ್ಟು. ಮಾನ್ಯತೆ ಇರುವ ವಿಶೇಷ ಶಿಕ್ಷಣದ ಡಿ.ಎಡ್. ಅಥವಾ ಬಿ.ಎಡ್. ಮಾಡಬೇಕಾಗುತ್ತದೆ. ಶ್ರವಣದೋಷದ ಮಕ್ಕಳಿಗೆ ಕಲಿಸುವ ಆಸೆಯಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಬೌದ್ಧಿಕ ವೈಕಲ್ಯ, ದೃಷ್ಟಿದೋಷಕ್ಕೆ ಬೇರೆ ಬೇರೆ ಕೋರ್ಸ್ ಇವೆ. ಹಾಗಾಗಿ ಶಾಲೆಗೆ ಯಾವ ವಿಭಾಗದವರು ಬೇಕು ಎಂದು ಕೇಳಿಕೊಂಡೇ ಆರಿಸಿ. ಫೀಸ್ ಕಟ್ಟುವ ಮುಂಚೆ ಈ ವರ್ಷದ ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ.